ಕಾಲಿಗೆ ನೀರು

ಪೈಪಿನ ಕಂಪನಿಯವರು ತಮ್ಮ ಡೀಲರುಗಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ಯಾವಾಗಲೂ ಮಳೆಗಾಲದಲ್ಲಿ. ಹೊಲದಲ್ಲಿ ನೀರು ನಿಂತಿರುವಾಗ ಪೈಪು, ಪಂಪು ಕೊಳ್ಳುವವರು ಯಾರು? ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರುವುದಕ್ಕಿಂತ ದೇಶ ನೋಡಿಕೊಂಡು ಬರಲಿ ಎಂಬುದು ಕಂಪನಿಯ ಲೆಕ್ಕ. ಹೋದ ಸಲ ಗಂಡಸರಷ್ಟೇ ಥಾಯ್ಲೆಂಡಿಗೆ ಹೋಗಿ ಬಂದಿದ್ದರು. ಬಂದ ಮೇಲೆ ಮನೆಮನೆಯಲ್ಲಿ ಎದ್ದ ರಂಪ ಕಂಪನಿಯ ಕಿವಿಗೂ ಬಿದ್ದಿರಬೇಕು. ಈ ಸಲ ಜೋಡಿಯಾಗಿಯೇ ಬರಬೇಕೆಂದು ಅಪ್ಪಣೆಯಾಯಿತು.

ಹೀಗಾಗಿ ಬೈಲಹೊಂಗಲದ ಪೈಪಿನ ಅಂಗಡಿ ಕಲ್ಮೇಶನ ಹೆಂಡತಿ ಶಟ್ಟೆವ್ವ, ಐವತ್ತು ದಾಟಿದ ವಯಸ್ಸಿನಲ್ಲಿ, ಮೊದಲ ಸಲ ಸಮುದ್ರ ನೋಡಿದ್ದಲ್ಲದೆ ಸಮುದ್ರದ ಮೇಲೆಯೇ ಬಿಡಾರ ಹೂಡಿದಳು. ಇಂಡೋನೇಷ್ಯಾದ ಪೂರ್ವಕ್ಕೆ, ನಕಾಶೆಯಲ್ಲಿ ಯಾರೋ ಕಡಲೆ ಚೆಲ್ಲಿದಂತೆ ಕಾಣುವ ದ್ವೀಪಗಳ ನಡುವೆ, ಎರಡು ಕಂಬದ ಮರದ ಹಾಯಿಹಡಗು. ಅದರಲ್ಲಿ ಮೂರು ಜೋಡಿ: ಇವರಿಬ್ಬರು, ರಾಮದುರ್ಗದ ಶಂಕ್ರೆಪ್ಪ ಮತ್ತು ಅವನ ಹೆಂಡತಿ ಸುಂದರವ್ವ, ಈಚೆಗೆ ಮದುವೆಯಾದ ಕಿತ್ತೂರಿನ ಮಲ್ಲಿಕಾರ್ಜುನ ಮತ್ತು ಪೂನಮ್. ಇವರನ್ನು ನೋಡಿಕೊಳ್ಳಲು ಕಂಪನಿಯ ಏರಿಯಾ ಮ್ಯಾನೇಜರ್ ಸಾಗರ. ಕೈಯಿಂದ ಮೊಬೈಲನ್ನೂ ಮುಖದಿಂದ ನಗೆಯನ್ನೂ ಕೆಳಗಿಳಿಸದ ಆಸಾಮಿ. ಪ್ರವಾಸದ ಕೊನೆಯ ಸಂಜೆ ಹಡಗಿನ ಮೇಲೆಯೇ ಪಾರ್ಟಿ ಇಟ್ಟು, ಜಿಲ್ಲೆಗೆ ಹೊಸ ಡಿಸ್ಟ್ರಿಬ್ಯೂಟರ್ ಯಾರೆಂದು ಸಾರುವುದಿತ್ತು. ಅದು ತಾನೇ ಎಂದು ಕಲ್ಮೇಶ ಊರಲ್ಲೇ ಹೊಸ ಸಫಾರಿ ಹೊಲಿಸಿಕೊಂಡು ಬಂದಿದ್ದ.

ಮೊದಲ ದಿನ ಶಟ್ಟೆವ್ವನಿಗೆ ಖುಷಿಯೋ ಖುಷಿ. ಬಂದರು ದಾಟಿದ ಮೇಲೆ ಕ್ಯಾಪ್ಟನ್ ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿಸಿದ. ಗಡಗಡ ಸದ್ದು ನಿಂತು, ಹಗ್ಗ ಕಿರುಗುಟ್ಟುವುದು, ಹಡಗಿನ ಪಕ್ಕೆಗೆ ನೀರು ತಾಗುವುದು ಮಾತ್ರ ಕೇಳತೊಡಗಿತು. ಇಷ್ಟು ದೊಡ್ಡ ಹಡಗು ಬರೀ ಗಾಳಿಯ ಮೇಲೆ ಸಾಗುತ್ತದೆಂದರೆ ಅವಳಿಗೆ ನಂಬಲಾಗಲಿಲ್ಲ. ಕಣದಲ್ಲಿ ಜೋಳ ತೂರಲು ಮೊರ ಹಿಡಿದು ಗಾಳಿಗೆ ಕಾದು ನಿಂತ ಮನೆತನದವಳು. ಗಾಳಿಯ ಬೆಲೆ ಗೊತ್ತು. ಕಟ್ಟಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ಹಡಗಿನ ಕೆಲಸದವರಿಗೂ ಹಂಚಿ, ಹಾಯಿಯ ನೆರಳಲ್ಲಿ ಕಾಲು ಚಾಚಿ ಕೂತು, "ಗಾಳಿಗೆ ಡೀಸೆಲ್ ಹಾಕೂದ ಬ್ಯಾಡ ನೋಡ್ರಿ" ಎಂದು ಗಂಡನಿಗೆ ಹೇಳಿದ್ದನ್ನೇ ಹೇಳಿದಳು.

ಸಿಟ್ಟು ಶುರುವಾದದ್ದು ಊರುಗಳನ್ನು ನೋಡಲು ಇಳಿದಾಗ. ದಿನಕ್ಕೊಂದು ದ್ವೀಪ, ದ್ವೀಪಕ್ಕೊಂದು ಮೀನುಗಾರರ ಊರು. ಕಂಪನಿಯ ಕಾರ್ಯಕ್ರಮದಲ್ಲಿ ಅದಕ್ಕೆ 'ಹಳ್ಳಿ ದರ್ಶನ' ಎಂದು ಹೆಸರು. ದರ್ಶನವೆಂದರೆ ಏನು? ಯಾರದೋ ಅಡುಗೆಮನೆಗೆ ಕೇಳದೆ ನುಗ್ಗಿ ಗಡಿಗೆಯ ಮುಚ್ಚಳ ತೆಗೆದು ಮೂಸುವುದು. ಯಾರದೋ ಕೂಸನ್ನು, ಅದು ಚೀರುತ್ತಿದ್ದರೂ ಬಿಡದೆ, ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದು. ಬಲೆ ಹೆಣೆಯುತ್ತ ಕೂತ ಮುದುಕನ ಪಕ್ಕ ಕೂತು, ಎಷ್ಟು ಗಟ್ಟಿಯಿದೆ ನೋಡೋಣವೆಂದು ಬಲೆಯನ್ನು ಜಗ್ಗಿ ಹರಿದುಹಾಕುವುದು. ಈ ಕೊನೆಯ ಘನಕಾರ್ಯ ಮಾಡಿದವನು ಶಂಕ್ರೆಪ್ಪ. "ನಮ್ಮ ಪೈಪ್ ಆಗಿದ್ರ ಹರೀತಿದ್ದಿಲ್ಲ" ಎಂದು ನಗೆಯಾಡಿದ. ಕಲ್ಮೇಶನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮುದುಕ ಹರಿದ ಬಲೆಯನ್ನು ಮಡಿಲಿಗೆಳೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ.

ಶಟ್ಟೆವ್ವ ನಗಲಿಲ್ಲ. ಅವಳ ತವರು ಸವದತ್ತಿ ಹತ್ತಿರದ ಉಗರಗೋಳ, ಯಲ್ಲಮ್ಮನ ಗುಡ್ಡದ ಮಗ್ಗುಲಿನ ಊರು. ಹುಣ್ಣಿಮೆ ಬಂತೆಂದರೆ ಊರ ತುಂಬ ಪರಸ್ಥಳದ ಮಂದಿ. ಹೆಚ್ಚಿನವರು ಒಳ್ಳೆಯವರೇ. ಆದರೆ ಕೆಲವರು ಹಿತ್ತಲಿಗೆ ನುಗ್ಗಿ ಬಣವೆಯ ಮೇವು ಎಳೆದು ತಮ್ಮ ಎತ್ತಿಗೆ ಹಾಕುವರು, ಕುಡಿಯುವ ನೀರಿನ ತೊಟ್ಟಿಯಲ್ಲಿ ಅರಿವೆ ಒಗೆಯುವರು, ಕೇಳಿದರೆ "ನಾವೇನ ದಿನಾ ಬರತೇವೇನು?" ಎಂದು ಕೇಳಿದವರ ಮೇಲೆಯೇ ಏರಿ ಬರುವರು. ಅವಳ ಅವ್ವ ಕಾಡವ್ವ ಹುಣ್ಣಿಮೆ ಮುಗಿಯುವವರೆಗೂ ಬಾರಕೋಲು ಹಿಡಿದು ತೊಟ್ಟಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಬಂದುಹೋಗುವವರು ಒಂದು ಊರನ್ನು ಏನು ಮಾಡಿ ಹೋಗುತ್ತಾರೆಂದು ಶಟ್ಟೆವ್ವ ಬುದ್ಧಿ ತಿಳಿದಾಗಿನಿಂದ ಬಲ್ಲಳು. ಈಗ ತಾನೇ ಬಂದುಹೋಗುವವರ ಹಿಂಡಿನಲ್ಲಿ ತಲೆಗೆ ಟೋಪಿ ಹಾಕಿಕೊಂಡು ನಿಂತಿದ್ದಾಳೆ. ಟೋಪಿಯ ಮೇಲೆ ಕಂಪನಿಯ ಹೆಸರು ಬೇರೆ.

ಮೂರನೆಯ ದ್ವೀಪದ ಮುಂದೆ ಲಂಗರು ಬಿದ್ದಾಗ ಅವಳು ಎಲ್ಲರನ್ನೂ ನಿಲ್ಲಿಸಿ ಹೇಳಿದಳು.

"ಇಲ್ಲೆರ ಜರಾ ಮನಷ್ಯಾರಂಗ ಇರೂಣು. ಅದು ಮಂದಿ ಮನಿ, ಮ್ಯೂಜಿಯಂ ಅಲ್ಲ. ಕರದ್ರಷ್ಟ ಒಳಗ ಹೋಗೂಣು. ಕೊಟ್ಟದ್ದ ತಗೊಳ್ಳೂಣು. ಹಿರ್ಯಾರಿಗೆ ಕೈ ಮುಗಿಯೂಣು."

"ಆತ್ರಿ ವೈನೀ, ನೀವ ಮುಂದ ನಡೀರಿ. ನೀವು ಮಾಡಿದಂಗ ನಾವು ಮಾಡತೇವಿ" ಎಂದ ಶಂಕ್ರೆಪ್ಪ.

ಪುಣ್ಯಾತ್ಮ ಹೇಳಿದಂತೆಯೇ ನಡೆದುಕೊಂಡ. ಅದೇ ಮುಳುವಾಯಿತು.

ದ್ವೀಪವೆಂದರೆ ಬೋಳು ಗುಡ್ಡ, ಒಣಗಿ ಹಳದಿಯಾದ ಹುಲ್ಲು. ನಮ್ಮ ಕಡೆ ಮಳೆ ಜಡಿಯುವ ತಿಂಗಳಲ್ಲಿ ಅಲ್ಲಿ ಬಿರುಬೇಸಿಗೆ. ದಂಡೆಯುದ್ದಕ್ಕೂ ಕಂಬಗಳ ಮೇಲೆ ನಿಂತ ಹಲಗೆಯ ಮನೆಗಳು, ಮನೆ ಮುಂದೆ ಬಿದಿರಿನ ಅಟ್ಟದ ಮೇಲೆ ಒಣಗಲು ಹಾಕಿದ ಮೀನು. ಗೈಡ್ ಯೂನುಸ್ ಆ ಊರಿನವನೇ. ಇವರನ್ನು ನೇರ ತನ್ನ ದೊಡ್ಡಮ್ಮ ಹಾಲಿಮಾಳ ಮನೆಗೆ ಕರೆದೊಯ್ದ. ಹೆಸರು ಕೇಳಿಯೇ ಶಟ್ಟೆವ್ವನ ಮನಸ್ಸು ಅರಳಿತು. ಬೈಲಹೊಂಗಲದಲ್ಲಿ ಅವಳ ಕೈಗೆ ಬಳೆ ಇಡುವಾಕೆಯೂ ಹಾಲಿಮಾ. ಬಿಳಿಗೂದಲಿಗೆ ಬಟ್ಟೆ ಸುತ್ತಿದ, ತೆಳು ಮೈಯ ಮುದುಕಿ ಮೆಟ್ಟಿಲ ಮೇಲೆ ನಿಂತು, ಎದೆಗೆ ಕೈಯೊತ್ತಿಕೊಂಡು ಎಲ್ಲರನ್ನೂ ಬರಮಾಡಿಕೊಂಡಳು. ಒಳಗಿಂದ ಕೂಸಿನ ಅಳು ಕೇಳಿತು. ಮುದುಕಿಯ ಮೊಮ್ಮಗಳು ಹಡೆದು ವಾರವೂ ಆಗಿಲ್ಲವೆಂದು ಯೂನುಸ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪೂನಮ್ ಕನ್ನಡದಲ್ಲಿ ಹೇಳಿದಳು.

ಹಾಲಿಮಾ ಒಳಗೆ ಹೋಗಿ ಒಂದು ಅಲ್ಯುಮಿನಿಯಂ ಕೊಡವನ್ನು ಸೊಂಟದ ಮೇಲೆ ಹೊತ್ತು ತಂದು ಮೆಟ್ಟಿಲ ಬುಡದ ಹಲಗೆಯ ಮೇಲಿಟ್ಟಳು. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅದನ್ನು ಬಿಚ್ಚಿ, ತೆಂಗಿನ ಚಿಪ್ಪಿನ ಸವಟನ್ನು ಅದರ ಮೇಲಿಟ್ಟು, ಎಲ್ಲರಿಗಿಂತ ಹಿರಿಯಳಾಗಿ ಕಂಡ ಶಟ್ಟೆವ್ವನಿಗೆ ತಲೆಬಾಗಿ, ಮತ್ತೆ ಒಳಗೆ ಹೋದಳು.

ನಮ್ಮ ಕಡೆ ಬೀಗರು ಬರಲಿ, ಬಿಸಿಲಲ್ಲಿ ದಾರಿ ತಪ್ಪಿದ ಅಪರಿಚಿತ ಬರಲಿ, ಮನೆ ಮುಂದೆ ನಿಂತವರಿಗೆ ಮೊದಲು ಬರುವುದು ಕಾಲಿಗೆ ನೀರು. ಮಾತು, ಚಹಾ, ಕುಶಲ ಎಲ್ಲ ಆಮೇಲೆ. ಕಾಲು ತೊಳೆಯದೆ ಹೊಸ್ತಿಲು ದಾಟಿದವನ ಮನೆತನವನ್ನೇ ಮಂದಿ ಆಡಿಕೊಳ್ಳುತ್ತಾರೆ. ಶಟ್ಟೆವ್ವನ ಕಣ್ಣು ತುಂಬಿ ಬಂತು. ಇಷ್ಟು ದೂರ ಬಂದರೂ ಕಾಲಿಗೆ ನೀರು ಕೊಡುವ ಜನ!

"ನೋಡ್ರಿ, ಎಂಥಾ ರೀತಿ ರಿವಾಜದ ಮಂದಿ! ಚಪ್ಪಲಿ ಬಿಡ್ರಿ ಎಲ್ಲಾರೂ" ಎಂದಳು.

ಸೀರೆಯ ನೆರಿಗೆ ಎತ್ತಿ ಹಿಡಿದು, ಹಿಮ್ಮಡಿ, ಬೆರಳ ಸಂದಿ ಯಾವುದನ್ನೂ ಬಿಡದೆ ತಿಕ್ಕಿ ತೊಳೆದುಕೊಂಡಳು. ಸುಂದರವ್ವ ತೊಳೆದುಕೊಂಡಳು. ಕಲ್ಮೇಶ ಮುಖಕ್ಕೂ ಉಗ್ಗಿಕೊಂಡು, ಬಾಯಿ ಮುಕ್ಕಳಿಸಿ, ಮರಳ ಮೇಲೆ ಉಗುಳಿದ. ಶಂಕ್ರೆಪ್ಪ ಸವಟಿನ ರಗಳೆಯೇ ಬೇಡವೆಂದು ಕೊಡವನ್ನೇ ಎತ್ತಿ ಮೊಣಕಾಲಿನಿಂದ ಕೆಳಕ್ಕೆ ಸುರುವಿಕೊಂಡ. ಉಳಿದದ್ದರಲ್ಲಿ ಮಲ್ಲಿಕಾರ್ಜುನ ತನ್ನ ಬೂಟಿನ ಮರಳು ತೊಳೆದ. ಪೂನಮ್ ಫೋಟೋ ತೆಗೆಯುತ್ತಿದ್ದುದರಿಂದ ಅವಳ ಸರದಿ ಬರುವಷ್ಟರಲ್ಲಿ ಕೊಡ ಖಾಲಿ.

ಹಾಲಿಮಾ ಹೊರಗೆ ಬಂದಳು. ಅವಳ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೊಳೆದು ಒರೆಸಿದ ಗಾಜಿನ ಲೋಟಗಳು.

ಮುದುಕಿ ಕೊಡ ನೋಡಿದಳು, ಒದ್ದೆ ಮರಳು ನೋಡಿದಳು, ಸಾಲಾಗಿ ನಿಂತವರ ಒದ್ದೆ ಕಾಲುಗಳನ್ನು ನೋಡಿದಳು. ಯೂನುಸ್‌ನ ಮುಖ ಕಪ್ಪಿಟ್ಟಿತು. ಅವನು ಪೂನಮ್‌ಳ ಪಕ್ಕ ನಿಂತಿದ್ದ ಸಾಗರನ ಹತ್ತಿರ ಹೋಗಿ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಏನಿಲ್ರೀ, ನಾವು ಬಂದದ್ದು ಭಾಳ ಖುಷಿ ಆತಂತ" ಎಂದ ಸಾಗರ, ಅದೇ ನಗೆಯಲ್ಲಿ.

"ಯಾಕ ಸುಳ್ಳ ಹೇಳತೀರಿ?" ಪೂನಮ್ ಸಿಡುಕಿದಳು. "ಅಕ್ಕಾರ, ಅದು ಕುಡಿಯೂ ನೀರಂತ. ಈ ದ್ವೀಪದಾಗ ಬಾವಿ ಇಲ್ಲ, ಹಳ್ಳ ಇಲ್ಲ. ದೊಡ್ಡ ದ್ವೀಪದಿಂದ ದೋಣ್ಯಾಗ ನೀರ ತರತಾರ. ಆ ದೋಣಿ ಎಂಜಿನ್ ಕೆಟ್ಟ ನಿಂತೈತಿ, ಯಾವಾಗ ಬರ್ತೈತೋ ಗೊತ್ತಿಲ್ಲಂತ. ಆಜೂಬಾಜೂ ಮನ್ಯಾಗೂ ತಳ ಕಂಡೈತಿ. ಇದು ಬಾಣಂತಿಗಂತ ತಗದಿಟ್ಟ ಕಡೀ ಕೊಡ. ಬಂದವರಿಗೆ ಒಂದೊಂದ ಲೋಟ ಕೊಡದಿದ್ರ ಮರ್ಯಾದಿ ಅಲ್ಲ ಅಂತ ಹೊರಗ ತಂದಿದ್ರಂತ. ಕಾಲ ತೊಳಿಯೂ ನೀರ ಆ ಕಡೆ ಐತಿ, ಸಮುದ್ರದ್ದು."

ಮೆಟ್ಟಿಲ ಇನ್ನೊಂದು ಬದಿಗೆ ನೀಲಿ ಬಕೆಟ್ ಇತ್ತು. ಒಬ್ಬರೂ ಅತ್ತ ತಿರುಗಿ ನೋಡಿರಲಿಲ್ಲ.

ಶಟ್ಟೆವ್ವನಿಗೆ ನಿಂತ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು. ನಾಲ್ಕು ಮಂದಿಗೆ ಮರ್ಯಾದೆ ಕಲಿಸಲು ಮುಂದಾದವಳು ತಾನೇ ಮೊದಲು ಕಾಲು ಚಾಚಿದ್ದಳು. ಹಾಲಿಮಾ ಮಾತ್ರ ತಟ್ಟೆಯನ್ನು ಕೆಳಗಿಟ್ಟು, ಏನೂ ಆಗಿಲ್ಲವೆಂಬಂತೆ ನಕ್ಕು, ಅವಳ ಕೈಹಿಡಿದು ಒಳಗೆ ಕರೆದೊಯ್ದಳು. ಚಾಪೆಯ ಮೇಲೆ ಇಪ್ಪತ್ತರ ಹರೆಯದ ಬಾಣಂತಿ ಮಗ್ಗುಲಾಗಿ ಮಲಗಿದ್ದಳು. ತುಟಿ ಒಡೆದಿತ್ತು. ಮೊಲೆ ಚೀಪಿ ಚೀಪಿ ಹಾಲು ಸಿಗದೆ ಕೂಸು ಅಳುತ್ತಿತ್ತು. ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಎರೆದು, ಹೊತ್ತುಹೊತ್ತಿಗೆ ಕಾದಾರಿದ ನೀರು ಕುಡಿಸುವ ನಾಡಿನಿಂದ ಬಂದವಳು ಶಟ್ಟೆವ್ವ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಬಂದರೆ ಗಂಡಸರು ನಗುತ್ತಿದ್ದರು.

"ಅಂತೂ ಏನ ಪಾಪ ಇದ್ದರೂ ಇವತ್ತ ತೊಳದ ಹೋತ ಬಿಡ್ರಿ" ಎನ್ನುತ್ತಿದ್ದ ಶಂಕ್ರೆಪ್ಪ.

ಸಾಗರ ಪಾಕೀಟು ತೆಗೆದು ಕೆಲವು ನೋಟುಗಳನ್ನು ಹಾಲಿಮಾಳ ಕಡೆ ಚಾಚಿದ. ಮುದುಕಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಳಗ ಇಡ್ರಿ ಅದನ್ನ!" ಶಟ್ಟೆವ್ವ ಗದರಿದಳು. "ಬಾಣಂತಿ ನೋಟ ಕುಡೀತಾಳೇನು? ನಮ್ಮ ಹಡಗದಾಗ ನೀರ ಐತಿ. ಈಗಿಂದೀಗ ತಂದ ಕೊಡೂಣು."

"ಕೊಡೂಣಂತ ಮಾರಾಯ್ತಿ. ಅಷ್ಟ ಯಾಕ ಒದರ್ತಿ? ಮೊದಲ ಊಟ ಆಗಲಿ" ಎಂದ ಕಲ್ಮೇಶ.

ಶಟ್ಟೆವ್ವ ಪೂನಮ್‌ಳ ಬಾಯಿಂದ, ಯೂನುಸ್‌ನ ಬಾಯಿಂದ ಹಾಲಿಮಾಗೆ ಮಾತು ಕೊಟ್ಟಳು: ಹೊತ್ತು ಮುಳುಗುವುದರೊಳಗೆ ನೀರು ಈ ಮನೆ ಮುಟ್ಟುತ್ತದೆ. ಮುದುಕಿ ಕೇಳಿಸಿಕೊಂಡು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಹಡಗಿಗೆ ಬಂದ ಕೂಡಲೇ ಶಟ್ಟೆವ್ವ ಮಾತಿಗೆ ಪೂನಮ್‌ಳನ್ನು ಕರೆದುಕೊಂಡು ಕ್ಯಾಪ್ಟನ್ನನ ಬೆನ್ನು ಹತ್ತಿದಳು. ಆತ ಒಳ್ಳೆಯ ಮನುಷ್ಯ. ಟ್ಯಾಂಕಿನಲ್ಲಿ ನೀರು ಸಾಕಷ್ಟಿದೆ, ಡಬ್ಬಿಗಳಿಗೆ ತುಂಬಿ ಸಣ್ಣ ದೋಣಿಯಲ್ಲಿ ಕಳಿಸೋಣ ಎಂದ. ಆದರೆ ದೋಣಿ ಎಲ್ಲಿ? ಸಾಗರ ಅದನ್ನು ತೆಗೆದುಕೊಂಡು ಮಲ್ಲಿಕಾರ್ಜುನನಿಗೆ ಹವಳದ ಬಂಡೆ ತೋರಿಸಲು ಹೋಗಿದ್ದ. ಬರುತ್ತಾರೆ, ಬರುತ್ತಾರೆ ಎನ್ನುತ್ತ ಅಡುಗೆಯವನು ಬಡಿಸಿದ. ಶಟ್ಟೆವ್ವ ತಟ್ಟೆ ಮುಟ್ಟದೆ ಹಡಗಿನ ಅಂಚಿಗೆ ನಿಂತಳು. ಕಲ್ಮೇಶ, ಶಂಕ್ರೆಪ್ಪ ಉಂಡು ತೇಗಿ ಸಮುದ್ರಕ್ಕೆ ಧುಮುಕಿ ಎಮ್ಮೆಗಳಂತೆ ಬಿದ್ದುಕೊಂಡರು. ಮೇಲೆ ಬಂದ ಮೇಲೆ ಮೈಯೆಲ್ಲ ಉಪ್ಪು ಅಂಟಿದೆಯೆಂದು ಒಬ್ಬೊಬ್ಬರೇ ಬಚ್ಚಲಿಗೆ ಹೋದರು. ಒಳಗೆ ನೀರು ಬೀಳುವ ಸದ್ದು, ಕಲ್ಮೇಶ ಭಜನೆಯ ಪದ ಗುನುಗುವ ಸದ್ದು ಕೇಳುತ್ತಲೇ ಇತ್ತು. ಮನಸ್ಸೆಲ್ಲ ದೋಣಿಯ ದಾರಿ ಕಾಯುತ್ತಿದ್ದುದರಿಂದ ಅದರ ಅರ್ಥ ಅವಳಿಗೆ ಹೊಳೆಯಲಿಲ್ಲ.

ದೋಣಿ ಬಂತು. ಮಲ್ಲಿಕಾರ್ಜುನ, ಸಾಗರ ಕೂಡ ಸಿಹಿನೀರಿನಲ್ಲಿ ಮೈ ತೊಳೆಯಲು ಒಳಗೆ ಹೋದರು. ಕೆಲಸದವನು ಡಬ್ಬಿ ತಂದು ನಲ್ಲಿಯ ಕೆಳಗಿಟ್ಟು ತಿರುಗಿಸಿದ. ನಲ್ಲಿ ಎರಡು ಸಲ ಕೆಮ್ಮಿ, ಒಂದು ಬೊಗಸೆ ಕೆಂಪುನೀರು ಉಗುಳಿ, ನಿಂತುಬಿಟ್ಟಿತು.

"ಅಲ್ಲೋ ದೇವರ, ತಲಿಗೆ ಸೋಪ್ ಹಚ್ಚೇನಿ, ನೀರ ಬಂದ್ ಆಗೇತಿ!" ಎಂದು ಬಚ್ಚಲಿನಿಂದ ಸಾಗರ ಕೂಗಿದ.

ಶಟ್ಟೆವ್ವನ ಮೈ ಬೆಂಕಿಯಾಯಿತು. ಟವೆಲು ಸುತ್ತಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತ ಗಂಡನ ಮುಂದೆ ಹೋಗಿ ನಿಂತಳು.

"ಗೊತ್ತಿತ್ತಿಲ್ರೀ ನಿಮಗ? ಆ ನೀರ ಬಾಣಂತಿಗೆ ಅಂತ ಹೇಳಿದ್ದಿಲ್ಲೇನು ನಾ?"

"ಉಪ್ಪ ಅಂಟಿತ್ತ. ಕೆರೀತಿತ್ತ. ಏನ ಮಾಡಲಿ?"

"ಕೆರಕೊಂಡ ಸಾಯೂದಲ್ಲ! ಮುಂಜಾನೆ ಕಾಲ ತೊಳ್ಕೊಂಡಿದ್ದು ತಿಳೀದ. ಈಗ ಜಳಕ ಮಾಡಿದ್ದು ತಿಳದ. ನೀರ ಪೈಪ್ ಮಾರಿ ಹೊಟ್ಟಿ ತುಂಬಕೊಳ್ಳೂ ಮಂದಿ ನಾವು, ನಮಗ ನೀರಂದ್ರ ಏನಂತ ಗೊತ್ತಿಲ್ಲೇನು?"

ಇನ್ನು ಹಡಗಿನಲ್ಲಿ ಉಳಿದದ್ದು ಕುಡಿಯುವ ನೀರಿನ ದೊಡ್ಡ ಕ್ಯಾನುಗಳು. ಪ್ರವಾಸ ಮುಗಿಯುವವರೆಗೆ ಎಲ್ಲರಿಗೂ ಸಾಲುವಷ್ಟು. ಅವನ್ನು ಕೊಟ್ಟರೆ ಇವತ್ತೇ ಬಂದರಿಗೆ ಮರಳಬೇಕಾಗುತ್ತದೆ, ನಾಳೆಯ ದೈತ್ಯ ಉಡಗಳ ದ್ವೀಪ ತಪ್ಪುತ್ತದೆ, ಪಾರ್ಟಿಯೂ ಇಲ್ಲ ಎಂದು ಕ್ಯಾಪ್ಟನ್ ಹೇಳಿದ. ಕೊಡಬೇಡಿ ಎಂದು ಮಾತ್ರ ಅವನು ಹೇಳಲಿಲ್ಲ. ಹೇಳಿದವರು ನಮ್ಮವರೇ.

"ವೈನೀ, ಉಡ ನೋಡಾಕ ಅಂತ ಇಷ್ಟ ದೂರ ಬಂದೇವಿ" ಎಂದು ಶಂಕ್ರೆಪ್ಪ ಗೋಗರೆದ.

"ಕನ್ನಡಿ ನೋಡ್ಕೋರಿ" ಎಂದಳು ಶಟ್ಟೆವ್ವ.

ಕಲ್ಮೇಶ ಅವಳನ್ನು ಬದಿಗೆ ಕರೆದ. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. "ಪಾರ್ಟ್ಯಾಗ ನನ್ನ ಹೆಸರ ಹೇಳೂದೈತಿ. ಇಪ್ಪತ್ತ ವರ್ಷ ಈ ಕಂಪನಿ ಮಾಲ ಮಾರೇನಿ. ಯಾರೋ ಏನೋ, ಮತ್ತ ಜನ್ಮದಾಗ ಭೆಟ್ಟಿ ಆಗದ ಮಂದಿ ಸಲುವಾಗಿ ನನ್ನ ಮಾನಾ ಕಳೀಬ್ಯಾಡ."

"ಮಾನಾ ಮುಂಜಾನೆನ ಮರಳಾಗ ಹೋತ್ರಿ. ಈಗ ಉಳದದ್ದು ಒಂದ ಮಾತು, ನಾ ಕೊಟ್ಟದ್ದು. ಹೊತ್ತ ಮುಳುಗೂದರೊಳಗ ನೀರ ಮುಟ್ಟಸ್ತೇನಿ."

ಅಷ್ಟು ಹೇಳಿ ಅವಳು ಉಗ್ರಾಣಕ್ಕೆ ಇಳಿದಳು. ಸೆರಗು ಬಿಗಿದು ಮೊದಲ ಕ್ಯಾನನ್ನು ಎತ್ತಿದಾಗ ಸೊಂಟ ಕಳಕ್ಕೆಂದಿತು. ಗಂಡಸರು ನೋಡುತ್ತ ನಿಂತರು. ಮುಂದೆ ಬಂದವಳು ಸುಂದರವ್ವ. ಮೂರು ದಿನದಿಂದ ಗಂಡನ ಮಾತಿಗೆಲ್ಲ ಹೂಂ ಎಂದು ತಲೆಯಾಡಿಸಿಕೊಂಡು ಬಂದ ಹೆಂಗಸು, ಈಗ ಶಂಕ್ರೆಪ್ಪನ ಕೈಯನ್ನು ತಳ್ಳಿ, "ಸರೀರಿ ಅತ್ಲಾಗ, ನಾನೂ ಐದ ಬಾಣಂತನ ಮಾಡಿಸಿಕೊಂಡಾಕಿ" ಎಂದು ಕ್ಯಾನಿನ ಇನ್ನೊಂದು ಬದಿ ಹಿಡಿದಳು. ಪೂನಮ್ ಬಂದಳು. ಹಡಗಿನ ಕೆಲಸದವರು ಬಂದರು. ಅಡುಗೆಗೆಂದು ಒಂದೇ ಒಂದು ಕ್ಯಾನು ಬಿಟ್ಟು ಉಳಿದದ್ದೆಲ್ಲ ದೋಣಿಗಿಳಿಯಿತು.

ಬಿಸಿಲು ಬಾಡುವ ಹೊತ್ತಿಗೆ ನೀರು ಹಾಲಿಮಾಳ ಅಂಗಳ ಮುಟ್ಟಿತು. ಮುದುಕಿ ಮೊದಲ ಕ್ಯಾನಿನ ಬಿರಡೆ ತೆಗೆದು, ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪಲ್ಲ. ಮತ್ತೆ ತಡಮಾಡಲಿಲ್ಲ, ಒಂದು ಲೋಟ ತುಂಬಿಕೊಂಡು ಒಳಗೋಡಿದಳು. ಶಟ್ಟೆವ್ವ ಕಂಬಕ್ಕೆ ಒರಗಿ ಉಸಿರು ಬಿಟ್ಟಳು. ಇಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು.

ಮುಗಿಯಲು ಸಾಗರ ಬಿಡಬೇಕಲ್ಲ! ಮರಳಿ ಹೋದ ದೋಣಿಯಲ್ಲಿ ಅವನು ಮೂವರೂ ಗಂಡಸರನ್ನು ಹೊರಡಿಸಿಕೊಂಡು ಬಂದ. ತಲೆಯ ಸೋಪನ್ನು ಟವೆಲಿನಿಂದ ಒರೆಸಿಕೊಂಡಿದ್ದ, ಕಂಕುಳಲ್ಲಿ ಕಂಪನಿಯ ಬ್ಯಾನರು ಇತ್ತು. ಕಲ್ಮೇಶ ಹೊಸ ಸಫಾರಿ ತೊಟ್ಟಿದ್ದ. ಇಷ್ಟು ಹೊತ್ತು ಮುಖ ಊದಿಸಿಕೊಂಡಿದ್ದವನ ಬಾಯಿ ಈಗ ಕಿವಿಗೆ ಮುಟ್ಟಿತ್ತು.

"ನೀ ಮಾಡಿದ್ದ ಚಲೋನ ಆತ ನೋಡ" ಎಂದ ಹೆಂಡತಿಗೆ. "ಸಾಗರ ಐಡಿಯಾ ಹಾಕ್ಯಾನ. ಪಾರ್ಟಿ ಹೋದ್ರ ಹೋಗಲಿ. ನೀರ ಇಲ್ಲದ ದ್ವೀಪಕ್ಕ ನಮ್ಮ ಡೀಲರ್ ನೀರ ಕೊಟ್ಟಾರ ಅಂತ ವಿಡಿಯೋ ಹೆಡ್ ಆಫೀಸಿಗೆ ಹೋದ್ರ ಡಿಸ್ಟ್ರಿಬ್ಯೂಟರ್‌ಶಿಪ್ ಪಕ್ಕಾ."

ನೋಡುನೋಡುತ್ತಿದ್ದಂತೆ ಬ್ಯಾನರು ಮೀನಿನ ಅಟ್ಟಕ್ಕೆ ಕಟ್ಟಿ ನಿಂತಿತು. ಸಾಗರ ಕ್ಯಾನುಗಳನ್ನು ಸಾಲಾಗಿ ಜೋಡಿಸಿದ. ಶಂಕ್ರೆಪ್ಪ ಮಲ್ಲಿಕಾರ್ಜುನನನ್ನು ಸರಿಸಿ ಮುಂದೆ ನಿಂತ. ಹಾಲಿಮಾಳನ್ನು ತೋಳು ಹಿಡಿದು ಕರೆತಂದು ಕಲ್ಮೇಶನ ಎದುರು, ಎರಡೂ ಕೈ ಚಾಚಿಸಿ, ಬೇಡುವವಳಂತೆ ನಿಲ್ಲಿಸಿದರು. ಮುದುಕಿಗೆ ತಿಳಿಯದು. ನಿಲ್ಲು ಎಂದಲ್ಲಿ ನಿಂತಳು.

"ಆ ಬಾಣಂತೀನ ಕೂಸಿನ ಕೂಡ ಹೊರಗ ಕರೀರಿ ಸರ್" ಎಂದ ಸಾಗರ, ಮೊಬೈಲು ಎತ್ತಿ ಹಿಡಿದು. "ಕೂಸಿದ್ರ ಎಫೆಕ್ಟ್ ಬರ್ತೈತಿ."

ಕಲ್ಮೇಶ ಮೆಟ್ಟಿಲ ಮೇಲೆ ಕಾಲಿಟ್ಟ. ಶಟ್ಟೆವ್ವ ಅಡ್ಡ ನಿಂತಳು.

"ಕಾಲ ಕೆಳಗ ಇಡ್ರಿ."

"ಒಂದ ನಿಮಿಷದ ಕೆಲಸ."

"ಕೆಳಗ ಇಡ್ರಿ ಅಂದೆ. ಇಲ್ಲಂದ್ರ ಇದ ಮೆಟ್ಟಲ ಮ್ಯಾಲಿಂದ ನೂಕತೇನಿ, ಆ ವಿಡಿಯೋ ಹೋಗಲಿ ಹೆಡ್ ಆಫೀಸಿಗೆ."

ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿ ಕಲ್ಮೇಶ ಕೇಳಿರಲಿಲ್ಲ. ಕಾಲು ತಾನಾಗಿಯೇ ಕೆಳಗಿಳಿಯಿತು. ಶಟ್ಟೆವ್ವ ಹಾಲಿಮಾಳ ಚಾಚಿದ ಕೈಗಳನ್ನು ಹಿಡಿದು ಮೆಲ್ಲಗೆ ಮಡಿಸಿದಳು. ಆಮೇಲೆ ಸಾಗರನ ಕಡೆ ತಿರುಗಿದಳು.

"ಚಾಲೂ ಐತೇನ್ರಿ ನಿಮ್ಮ ಮೊಬೈಲು? ಹಿಡೀರಿ ಹಂಗಾದ್ರ. ನಾನು ಬೈಲಹೊಂಗಲದ ಶಟ್ಟೆವ್ವ. ಈ ಮನಿಯವರು ಬಾಣಂತಿಗೆ ಇಟ್ಟ ನೀರು, ನಮಗ ಕುಡಿಯಾಕ ಅಂತ ಹೊರಗ ತಂದ್ರು. ನಾವು ಅದರಾಗ ಕಾಲ ತೊಳ್ಕೊಂಡ್ವಿ. ಮೊದಲ ತೊಳ್ಕೊಂಡಾಕಿ ನಾನ. ಅದು ತಿಳೀದ ಮಾಡಿದ್ದು ಅನ್ನೂಣು. ತಿಳದ ಮ್ಯಾಲೆ ಏನ ಮಾಡಿದ್ವಿ? ಕೊಡತೇವಿ ಅಂದ ನೀರಾಗ ಜಳಕಾ ಮಾಡಿ, ತಲಿಗೆ ಎಣ್ಣಿ ಹಚಗೊಂಡ ಕುಂತ್ವಿ. ಈಗ ತಂದದ್ದು ದಾನ ಅಲ್ಲ. ಇವರದ್ದ ಇವರಿಗೆ ತಿರಗಿ ತಂದೇವಿ. ತಂದವ್ರು ಹೆಂಗಸರು. ಸಫಾರಿ ಹಾಕ್ಕೊಂಡ ನಿಂತವ್ರು ಒಂದ ಹನಿ ಹೊತ್ತಿಲ್ಲ."

ಸಾಗರ ಎಂದೋ ಮೊಬೈಲು ಕೆಳಗಿಳಿಸಿದ್ದ. ಮುಖದ ನಗೆಯೂ ಅದರ ಜೊತೆ ಇಳಿದಿತ್ತು.

"ಅವರು ಬಂದ್ ಮಾಡಿದ್ರೂ ಚಿಂತಿ ಇಲ್ಲ ಅಕ್ಕಾರ" ಎಂದಳು ಪೂನಮ್, ತನ್ನ ಮೊಬೈಲು ಎತ್ತಿ ಹಿಡಿದೇ. "ನಾ ಪೂರಾ ಹಿಡದೇನಿ. ಸಿಗ್ನಲ್ ಸಿಕ್ಕ ಕೂಡ್ಲೆ ಡೀಲರ್ ಗ್ರೂಪಿಗೆ ಹಾಕತೇನಿ."

ಮಲ್ಲಿಕಾರ್ಜುನ ಹೆಂಡತಿಯ ಕಡೆ ಒಮ್ಮೆ ನೋಡಿ, ಹೋಗಿ ಬ್ಯಾನರಿನ ದಾರ ಬಿಚ್ಚತೊಡಗಿದ. ಸುಂದರವ್ವ, ಯೂನುಸ್ ಕ್ಯಾನುಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದರು. ಕೊನೆಯದು ಒಳಗೆ ಹೋದ ಮೇಲೆ ಹಾಲಿಮಾ ಹೊಸ್ತಿಲಲ್ಲಿ ನಿಂತು ಎಲ್ಲರನ್ನೂ ಒಮ್ಮೆ ನೋಡಿದಳು. ಶಟ್ಟೆವ್ವನಿಗಷ್ಟೇ ತಲೆಯಾಡಿಸಿ, ಬಾಗಿಲು ಹಾಕಿಕೊಂಡಳು. ಈ ಸಲ ಲೋಟದ ತಟ್ಟೆ ಹೊರಗೆ ಬರಲಿಲ್ಲ. ಅದೇ ಸರಿಯೆನ್ನಿಸಿತು ಶಟ್ಟೆವ್ವನಿಗೆ. ಅಲ್ಲಿ ನಿಂತ ಯಾರಿಗೂ ಆ ಲೋಟ ಮುಟ್ಟುವ ಯೋಗ್ಯತೆ ಉಳಿದಿರಲಿಲ್ಲ.

ಲಂಗರು ಎತ್ತಿ ಹಡಗು ಬಂದರಿನ ಕಡೆ ತಿರುಗಿತು. ಗಾಳಿ ಬಿದ್ದುಹೋಗಿ ಹಾಯಿ ಜೋತುಬಿದ್ದಿತ್ತು. ಎಂಜಿನ್ ಹಚ್ಚಿದರೂ ಹೊತ್ತು ಹಿಡಿಯುತ್ತದೆ ಎಂದ ಕ್ಯಾಪ್ಟನ್. ಅಡುಗೆಗೆ ಉಳಿದಿದ್ದ ನೀರನ್ನು ಕೆಲಸದವರಿಗೂ ಸೇರಿಸಿ ಎಲ್ಲರಿಗೂ ಒಂದೊಂದು ಲೋಟದಂತೆ ಹಂಚಿದ. ಕಲ್ಮೇಶ ತನ್ನದನ್ನು ಒಂದೇ ಗುಟುಕಿಗೆ ಮುಗಿಸಿದ. ಸೆಕೆಗೆ ಸಫಾರಿ ಬೆನ್ನಿಗೆ ಅಂಟಿಕೊಂಡಿತ್ತು. ಕೊನೆಗೆ ತಡೆಯಲಾರದೆ ಹೆಂಡತಿಯ ಹತ್ತಿರ ಬಂದ.

"ಗಂಟಲಾ ಒಣಗೇತಿ. ಎಲ್ಲೆರ ಇನ್ನ ಒಂದೀಟ ನೀರ ಐತೇನ?"

"ಐತ್ರಿ" ಎಂದಳು ಶಟ್ಟೆವ್ವ. "ಬಾಣಂತಿ ಮನ್ಯಾಗ ಐತಿ. ದೋಣಿ ಇಳಸಾಕ ಹೇಳತೇನಿ, ಹೋಗಿ ಇಸ್ಕೊಂಡ ಬರ್ರಿ."

ಕಲ್ಮೇಶ ಖಾಲಿ ಲೋಟವನ್ನು ಕೆಳಗಿಟ್ಟು, ಅವಳ ಪಕ್ಕ ಕೂತ.